ಕಾರಿನ ಬಾಗಿಲಿನ ಕಂಟ್ರೋಲ್ ಮಾಡ್ಯೂಲ್: ಬದಲಿಸುವ ಮುನ್ನ, ಬದಲಿಸುವಾಗ

ಮಳೆಗಾಲದಲ್ಲಿ ಕಾರಿನ ಬಾಗಿಲಿನ ಗಾಜು ಏರದೆ, ಲಾಕ್ ಬೀಳದೆ ತೊಂದರೆಯಾಗುವುದುಂಟು. ‘ಮಾಡ್ಯೂಲ್ ಹೋಗಿದೆ’ ಎಂದು ಕೇಳಿದೊಡನೆ ಹೊಸದನ್ನು ತರಿಸಲು ಹೊರಡುತ್ತೇವೆ. ಈ ದುಬಾರಿ ಭಾಗಕ್ಕೆ ಹಣ ಸುರಿಯುವ ಮುನ್ನ ಬೆಳೆಗಾರ ಬಾಂಧವರು ಕೆಲವು ಅಂಶಗಳನ್ನು ಗಮನಿಸಬೇಕು.

ಹಳೆಯ ಕಾರುಗಳಲ್ಲಿ ಗಾಜಿನ ಮೋಟಾರಿಗೆ ಸ್ವಿಚ್ಚಿನ ಮೂಲಕವೇ ವಿದ್ಯುತ್ ಹರಿಯುತ್ತಿತ್ತು. ಈಗಿನ ಅನೇಕ ಕಾರುಗಳಲ್ಲಿ ಸ್ವಿಚ್ಚು ಸೂಚನೆಯನ್ನಷ್ಟೇ ಕೊಡುತ್ತದೆ. ಬಾಗಿಲೊಳಗಿನ ಮಾಡ್ಯೂಲ್ ಎಂಬ ಸಣ್ಣ ಪೆಟ್ಟಿಗೆ ಅದನ್ನು ಗ್ರಹಿಸಿ ಮೋಟಾರನ್ನು ನಡೆಸುತ್ತದೆ.

ಮೊದಲು ಫ್ಯೂಸ್ ನೋಡಿರಿ. ಅನಂತರ ಬಾಗಿಲಿಗೂ ಕಾರಿನ ಮೈಗೂ ನಡುವೆ ಇರುವ ರಬ್ಬರ್ ಕೊಳವೆಯೊಳಗಿನ ತಂತಿಗಳನ್ನು ಪರೀಕ್ಷಿಸಿರಿ. ಬಾಗಿಲು ತೆರೆದು ಮುಚ್ಚುವಾಗಲೆಲ್ಲ ಬಾಗುವ ಈ ತಂತಿಗಳು ಒಳಗೇ ತುಂಡಾಗುತ್ತವೆ. ಬಾಗಿಲನ್ನು ಅತ್ತಿತ್ತ ಆಡಿಸಿದಾಗ ಗಾಜು ಒಮ್ಮೆ ನಡೆದು ಒಮ್ಮೆ ನಿಂತರೆ ದೋಷ ತಂತಿಯದೇ ಇರಬಹುದು.

ಮುಂದಿನದು ನೀರು. ಗಾಜಿನ ಅಂಚಿನಿಂದ ಮಳೆನೀರು ಬಾಗಿಲೊಳಗೆ ಸ್ವಲ್ಪ ಇಳಿಯುವುದು ಸಹಜ. ಅದು ಬಸಿದುಹೋಗಲು ಬಾಗಿಲಿನ ತಳದಲ್ಲಿ ರಂಧ್ರಗಳಿವೆ. ತೋಟದ ರಸ್ತೆಯ ಕೆಸರು, ಎಲೆಚೂರು ಅವನ್ನು ಮುಚ್ಚಿದರೆ ನೀರು ನಿಲ್ಲುತ್ತದೆ. ಬಸಿಗಾಲುವೆ ಮುಚ್ಚಿದ ಅಡಿಕೆ ತೋಟದ ಪಾಡೇ ಇಲ್ಲಿಯೂ. ಕಾರಣವನ್ನು ಸರಿಪಡಿಸದೆ ಹೊಸ ಮಾಡ್ಯೂಲ್ ಕೂರಿಸಿದರೆ ಅದೂ ಕೆಡುವುದು.

ಬದಲಿಸುವುದೇ ಅನಿವಾರ್ಯವಾದರೆ ಹಳೆಯದರ ಮೇಲಿನ ಭಾಗಸಂಖ್ಯೆಗೆ ಸರಿಹೊಂದುವುದನ್ನೇ ಕೊಳ್ಳಬೇಕು. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾಯಬೇಕು. ಕೆಲವು ಕಾರುಗಳ ಬಾಗಿಲಲ್ಲಿ ಏರ್‌ಬ್ಯಾಗಿನ ಸೆನ್ಸರ್ ಇರುತ್ತದೆ. ಮೋಟಾರಿಗೇ ಅಂಟಿಕೊಂಡ ಮಾಡ್ಯೂಲ್ ಆಗಿದ್ದರೆ, ಗಾಜು ಜಾರಿ ಬೀಳದಂತೆ ಮೊದಲೇ ಗಟ್ಟಿ ಟೇಪಿನಿಂದ ಬಿಗಿಯಬೇಕು. ಒಳಹಲಗೆಯ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ, ಕೆಲಸ ಮುಗಿದ ಮೇಲೆ ಸಂದಿಲ್ಲದಂತೆ ಅಂಟಿಸಬೇಕು. ನೀರು ಒಳಬಾರದಂತೆ ತಡೆಯುವುದು ಅದೇ.

ಹೊಸ ಮಾಡ್ಯೂಲ್ ಕೂರಿಸಿದೊಡನೆ ಕೆಲಸ ಮುಗಿಯಿತೆನ್ನುವಂತಿಲ್ಲ. ಅನೇಕ ಕಾರುಗಳಲ್ಲಿ ಕಂಪ್ಯೂಟರ್ ಉಪಕರಣದಿಂದ ಅದನ್ನು ಆ ಕಾರಿಗೆ ಹೊಂದಿಸಬೇಕಾಗುತ್ತದೆ. ಆದ್ದರಿಂದ ಆ ಸೌಲಭ್ಯ ಇರುವ ಗ್ಯಾರೇಜನ್ನು ವಿಚಾರಿಸಿಯೇ ಭಾಗವನ್ನು ಕೊಳ್ಳುವುದು ಜಾಣತನ. ಗಾಜಿನ ಮೇಲಿನ, ಕೆಳಗಿನ ಮಿತಿಗಳನ್ನೂ ಕೈಪಿಡಿಯಂತೆ ಅದಕ್ಕೆ ಕಲಿಸಬೇಕು. ಅಲ್ಲಿಯವರೆಗೆ, ಕೈ ಸಿಕ್ಕಿದರೆ ಗಾಜು ಹಿಂದೆ ಸರಿಯುವ ರಕ್ಷಣೆ ಇರಲಾರದು. ಮಕ್ಕಳನ್ನು ಕಿಟಕಿಯಿಂದ ದೂರವಿಡಿರಿ.

ಮುಂಗಾರಿಗೆ ಮುನ್ನ ತೋಟದ ಕಾಲುವೆ ಬಿಡಿಸುವಾಗ ಕಾರಿನ ಬಾಗಿಲಿನ ರಂಧ್ರಗಳನ್ನೂ ಒಂದು ಕಡ್ಡಿಯಿಂದ ಬಿಡಿಸಿಡಿರಿ. ಅದಕ್ಕೆ ಖರ್ಚೇನೂ ಇಲ್ಲ.