ಕೂದಲೆಳೆಯಷ್ಟು ಎಡೆ

ಲಾರಿಯೋ ಬಾಡಿಗೆಯ ಕಾರೋ ವರ್ಷಗಟ್ಟಲೆ ಓಡಿ, ಹಿಂದಿನ ಕೊಳವೆಯಿಂದ ನೀಲಿ ಹೊಗೆಯುಗುಳುತ್ತ, ಹಾಕಿದ ಎಣ್ಣೆಯನ್ನೆಲ್ಲ ಕುಡಿಯತೊಡಗಿತೆಂದರೆ ಅದರ ಒಡೆಯನಿಗೆ ಮೇಸ್ತ್ರಿ ಹೇಳುವ ಮಾತು ಒಂದೇ: ‘ಎಂಜಿನ್ ಇಳಿಸಿ ಬೋರು ಮಾಡಿಸಬೇಕು ಸ್ವಾಮಿ.’ ಸವೆದು ದುಂಡುಗೆಟ್ಟ ಸಿಲಿಂಡರಿನ ಒಳಮೈಯನ್ನು ಕೊರೆದು ಮತ್ತೆ ದುಂಡಗೆ ಮಾಡಿ, ಕೊರೆದಷ್ಟೇ ಅಗಲವಾದ ‘ಓವರ್‌ಸೈಜ್’ ಪಿಸ್ಟನ್ನನ್ನು ಕೂರಿಸುವ ಈ ಕೆಲಸ, ಮೋಟಾರು ಬಿಡಿಭಾಗಗಳ ಬೀದಿಯೆಂದೇ ಹೆಸರಾದ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಮೊದಲ್ಗೊಂಡು ತಾಲ್ಲೂಕು ಊರುಗಳ ಲೇತು ಅಂಗಡಿಗಳವರೆಗೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಲ್ಲಿ ಅದು ಜೀರ್ಣೋದ್ಧಾರದ ಕಾರ್ಯ. ಆದರೆ ಇದೇ ಕಾರ್ಯವನ್ನು, ಸವೆತದ ಸುಳಿವೂ ಇಲ್ಲದ ಎಂಜಿನಿಗೆ, ಅದರ ಬಲವನ್ನು ಇಮ್ಮಡಿಯಾಗಿಸುವ ಉದ್ದೇಶದಿಂದ ಮಾಡುವವರೂ ಉಂಟು. ಅವರ ಕೈಯಲ್ಲಿ ಬೋರು ಹೊಡೆಯುವುದೆಂಬ ಸಾಧಾರಣ ಕಸುಬು ಲೋಹಶಾಸ್ತ್ರ, ಉಷ್ಣಶಾಸ್ತ್ರ, ಮಾಪನಶಾಸ್ತ್ರ ಈ ಮೂರೂ ಬಂದು ಕೂಡುವ ಸೂಕ್ಷ್ಮವಿದ್ಯೆಯಾಗಿ ಪರಿಣಮಿಸುತ್ತದೆ.

ಉದಾಹರಣೆಗೆ ಜಪಾನಿನ ನಿಸ್ಸಾನ್ ಕಂಪನಿಯು 1989ರಲ್ಲಿ ಸ್ಕೈಲೈನ್ ಜಿಟಿ-ಆರ್ ಎಂಬ ಕಾರಿಗೆಂದು ಸಿದ್ಧಪಡಿಸಿದ ‘ಆರ್‌ಬಿ26’ ಎಂಬ ಎಂಜಿನನ್ನು ತೆಗೆದುಕೊಳ್ಳೋಣ. ಸಾಲಾಗಿ ನಿಂತ ಆರು ಸಿಲಿಂಡರುಗಳು, ಎರಕದ ಕಬ್ಬಿಣದ ಬ್ಲಾಕು, ಅಲ್ಯೂಮಿನಿಯಂ ಹೆಡ್ಡು, ಹೊರಗಾಳಿಯನ್ನು ಒತ್ತಿ ಒಳತುಂಬುವ ಎರಡು ಟರ್ಬೋಗಳು. ಪ್ರತಿಯೊಂದು ಸಿಲಿಂಡರಿನ ವ್ಯಾಸ 86 ಮಿಲಿಮೀಟರ್, ಪಿಸ್ಟನ್ನಿನ ಏರಿಳಿತ 73.7 ಮಿಲಿಮೀಟರ್, ಒಟ್ಟು ಗಾತ್ರ 2,568 ಘನ ಸೆಂಟಿಮೀಟರ್. ಈ ವಿಚಿತ್ರ ಸಂಖ್ಯೆ ಪಂದ್ಯದ ಕಟ್ಟಳೆಯಿಂದ ಹುಟ್ಟಿದ್ದು. ಆಗಿನ ‘ಗ್ರೂಪ್ ಎ’ ನಿಯಮದ ಪ್ರಕಾರ ಟರ್ಬೋ ಇರುವ ಎಂಜಿನಿನ ಗಾತ್ರವನ್ನು 1.7ರಿಂದ ಗುಣಿಸಿ ಅದರ ವರ್ಗವನ್ನು ನಿರ್ಣಯಿಸುತ್ತಿದ್ದರು. 2,568ನ್ನು ಹಾಗೆ ಗುಣಿಸಿದರೆ 4,366 ಆಗುತ್ತದೆ, 4,500ರ ಮಿತಿಯೊಳಗೆ ಅಡಗುತ್ತದೆ. ಮಾರಾಟದ ಕಾರಿನಲ್ಲಿ ಇದರ ಶಕ್ತಿಯನ್ನು, ಜಪಾನಿನ ತಯಾರಕರೆಲ್ಲರ ಪರಸ್ಪರ ಒಪ್ಪಂದಕ್ಕೆ ಅನುಗುಣವಾಗಿ, 280 ಅಶ್ವಶಕ್ತಿಯೆಂದು ಘೋಷಿಸಲಾಗಿತ್ತು. ಪಂದ್ಯದ ಕಾರುಗಳಲ್ಲಿ ಅದೇ ಎಂಜಿನು 500ನ್ನು ಮೀರಿ ನಡೆಯಿತು, ಮತ್ತು 1990ರಿಂದ 1993ರವರೆಗೆ ಜಪಾನಿನ ಟೂರಿಂಗ್ ಕಾರ್ ಪಂದ್ಯಮಾಲೆಯ 29 ಪಂದ್ಯಗಳಲ್ಲಿ 29ನ್ನೂ ಈ ಕಾರೇ ಗೆದ್ದುಕೊಂಡಿತು. ಈಗ ಈ ಎಂಜಿನುಗಳನ್ನು ಇಳಿಸಿ ಮತ್ತೆ ಕಟ್ಟುವವರು ಬಹುಮಟ್ಟಿಗೆ ಮಾಡುವುದು, ಸಿಲಿಂಡರಿನ ವ್ಯಾಸವನ್ನು 86.5ಕ್ಕೋ 87ಕ್ಕೋ ಏರಿಸಿ, ಕಾರ್ಖಾನೆಯ ಎರಕದ ಪಿಸ್ಟನ್ನುಗಳ ಜಾಗದಲ್ಲಿ ಬಡಿದು ಮಾಡಿದ, ಎಂದರೆ ‘ಫೋರ್ಜ್ಡ್’ ಪಿಸ್ಟನ್ನುಗಳನ್ನು ಕೂರಿಸುವುದು.

ಲೆಕ್ಕ ಹಾಕಿ ನೋಡಿದರೆ ವ್ಯಾಸ ಹೆಚ್ಚಿದ್ದರಿಂದ ಬಂದ ಲಾಭ ಅತ್ಯಲ್ಪ. ಒಂದು ಮಿಲಿಮೀಟರ್ ಅಗಲಿಸಿದರೆ ಎಂಜಿನಿನ ಗಾತ್ರ 2,629 ಘನ ಸೆಂಟಿಮೀಟರ್ ಆಗುತ್ತದೆ. ಹೆಚ್ಚಿದ್ದು ಅರವತ್ತು ಚಿಲ್ಲರೆ, ನೂರಕ್ಕೆ ಎರಡೂಕಾಲರಷ್ಟು. ಇಷ್ಟಕ್ಕಾಗಿ ಎಂಜಿನನ್ನು ಬಿಚ್ಚುವ ಶ್ರಮವನ್ನು ಯಾರೂ ಪಡುವುದಿಲ್ಲ. ಅಗಲಿಸುವುದರ ನಿಜವಾದ ಪ್ರಯೋಜನ, ಹೊಸ ಪಿಸ್ಟನ್ನಿಗೆ ಒಪ್ಪುವಂತಹ, ಕಲೆಯಿಲ್ಲದ, ನೆಟ್ಟನೆಯ ಹೊಸ ಗೋಡೆಯೊಂದನ್ನು ಪಡೆಯುವುದು. ಆ ಪಿಸ್ಟನ್ನಿನ ಪ್ರಯೋಜನ, ಟರ್ಬೋಗಳು ಮೊದಲಿಗಿಂತ ಹೆಚ್ಚು ಗಾಳಿಯನ್ನು ತುರುಕಿದಾಗ ಉಂಟಾಗುವ ಆಘಾತವನ್ನು ತಾಳಿಕೊಳ್ಳುವುದು. ಬಲ ಬರುವುದು ಗಾಳಿಯಿಂದ. ಪಿಸ್ಟನ್ನು ಆ ಬಲವನ್ನು ಹೊರುವ ಹೆಗಲು.

ಹೊರೆ ಎಷ್ಟೆಂಬುದನ್ನು ಕೊಂಚ ಯೋಚಿಸಬೇಕು. ಹೀಗೆ ಬಲಪಡಿಸಿದ ಎಂಜಿನಿನಲ್ಲಿ ದಹನದ ಉತ್ತುಂಗ ಕ್ಷಣದ ಒತ್ತಡ ವಾಯುಮಂಡಲದ ಒತ್ತಡಕ್ಕೆ ನೂರು ಪಟ್ಟಾಯಿತೆಂದು ಇಟ್ಟುಕೊಂಡರೆ, ಅಂಗೈಯಗಲದ ಆ ಪಿಸ್ಟನ್ನಿನ ತಲೆಯ ಮೇಲೆ ಬೀಳುವ ಭಾರ ಸುಮಾರು 6 ಟನ್ನು. ಬಲಿತ ಸಲಗವೊಂದರ ತೂಕಕ್ಕೂ ಮಿಗಿಲು. ನಿಮಿಷಕ್ಕೆ 8,000 ಸುತ್ತಿನ ವೇಗದಲ್ಲಿ ಅದು ಸೆಕೆಂಡಿಗೆ 266 ಬಾರಿ ನಿಂತು, ಅಷ್ಟೇ ಬಾರಿ ಹಿಂತಿರುಗಬೇಕು. ಮೇಲಿನ ತುದಿಯಲ್ಲಿ ತಿರುಗುವಾಗ ಅದರ ವೇಗೋತ್ಕರ್ಷ ಭೂಮಿಯ ಗುರುತ್ವಾಕರ್ಷಣೆಯ ಮೂರು ಸಾವಿರ ಪಟ್ಟನ್ನು ಮೀರುವುದರಿಂದ, ಉಂಗುರ, ಪಿನ್ನುಗಳೊಡನೆ ಅರ್ಧ ಕಿಲೋಗ್ರಾಮಿಗೂ ಕಡಿಮೆ ತೂಗುವ ಪಿಸ್ಟನ್ನು ತನ್ನ ಕನೆಕ್ಟಿಂಗ್ ರಾಡನ್ನು ಒಂದೂವರೆ ಟನ್ನಿನ ಭಾರದಿಂದ ಸೆಳೆಯುತ್ತದೆ. ಇವೆಲ್ಲಕ್ಕಿಂತ ಕ್ರೂರವಾದುದು ‘ನಾಕಿಂಗ್’: ಪೆಟ್ರೋಲಿನ ಮಿಶ್ರಣ ಕ್ರಮವಾಗಿ ಉರಿಯದೆ, ಉಳಿದ ಭಾಗ ತಾನಾಗಿಯೇ ಒಮ್ಮೆಲೇ ಹೊತ್ತಿ ಸಿಡಿಯುವ ವಿಪತ್ತು. ಎರಕದ ಪಿಸ್ಟನ್ನುಗಳಲ್ಲಿ ಉಂಗುರಗಳನ್ನು ಹಿಡಿದಿರುವ ತೆಳುವಾದ ಅಂಚು ಮೊದಲು ಮುರಿದು ಬೀಳುವುದು ಬಹುಮಟ್ಟಿಗೆ ಈ ಪೆಟ್ಟಿನಿಂದಲೇ.

ಎರೆದುದಕ್ಕೂ ಬಡಿದುದಕ್ಕೂ ಇರುವ ಭೇದವನ್ನು ನಮ್ಮ ಹಳ್ಳಿಯ ಕಸುಬಿನವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ದೇವಸ್ಥಾನದ ಗಂಟೆಯನ್ನು ಎರೆಯುತ್ತಾರೆ. ನೇಗಿಲಿನ ಗುಳವನ್ನು ಬಡಿಯುತ್ತಾರೆ. ಕರಗಿದ ಲೋಹ ಅಚ್ಚಿನೊಳಗೆ ಆರಿ ಗಟ್ಟಿಯಾಗುವಾಗ ಒಳಗೆ ಸಣ್ಣ ಸಣ್ಣ ರಂಧ್ರಗಳು ಉಳಿಯುವುದುಂಟು, ಕಣಗಳು ಬಂದಂತೆ ಹೊಂದಿಕೊಳ್ಳುತ್ತವೆ. ಆದರೆ ಕಾಯಿಸಿದ ಅಲ್ಯೂಮಿನಿಯಂ ಬಿಲ್ಲೆಯನ್ನು ಬೃಹತ್ತಾದ ಒತ್ತುಯಂತ್ರದಲ್ಲಿ ಅಚ್ಚಿಗೆ ಅದುಮಿದಾಗ ಆ ರಂಧ್ರಗಳು ಮುಚ್ಚಿಹೋಗಿ, ಲೋಹದ ಎಳೆ ಪಿಸ್ಟನ್ನಿನ ಆಕಾರವನ್ನೇ ಅನುಸರಿಸಿ ಬಾಗಿ ಹರಿಯುತ್ತದೆ. ಬಡಿದ ಲೋಹ ಪೆಟ್ಟು ಬಿದ್ದಾಗ ತಟ್ಟನೆ ಒಡೆಯುವುದಕ್ಕೆ ಬದಲಾಗಿ ಕೊಂಚ ಬಗ್ಗಿ ಬದುಕುತ್ತದೆ.

ಪಿಸ್ಟನ್ನಿಗೆ ಅಲ್ಯೂಮಿನಿಯಂ ಬಂದ ಕಥೆಯೂ ಹೇಳತಕ್ಕದ್ದೇ. 1913ರಲ್ಲಿ ಡಬ್ಲ್ಯು. ಒ. ಬೆಂಟ್ಲಿ ಎಂಬ ಆಂಗ್ಲ ತರುಣ, ಲಂಡನ್ನಿನಲ್ಲಿ ತಾನು ಮಾರುತ್ತಿದ್ದ ಡಿ.ಎಫ್.ಪಿ. ಕಾರುಗಳ ಫ್ರಾನ್ಸಿನ ಕಾರ್ಖಾನೆಗೆ ಹೋಗಿದ್ದಾಗ, ಅಲ್ಲಿ ಅಲ್ಯೂಮಿನಿಯಂನಿಂದ ಮಾಡಿದ ಪೇಪರ್‌ವೇಟ್ ಒಂದನ್ನು ಕಂಡು, ಭಾರವಾದ ಕಬ್ಬಿಣದ ಪಿಸ್ಟನ್ನಿಗೆ ಬದಲಾಗಿ ಈ ಹಗುರ ಲೋಹವನ್ನೇ ಏಕೆ ಬಳಸಬಾರದೆಂದು ಆಲೋಚಿಸಿ, ನೂರಕ್ಕೆ 12 ಭಾಗ ತಾಮ್ರ ಬೆರೆಸಿದ ಅಲ್ಯೂಮಿನಿಯಂನಲ್ಲಿ ಪಿಸ್ಟನ್ನುಗಳನ್ನು ಮಾಡಿಸಿದ. ಮೊದಲನೆಯ ಮಹಾಯುದ್ಧ ಬಂದಾಗ ಆ ವಿಚಾರ ವಿಮಾನದ ಎಂಜಿನುಗಳನ್ನು ಹೊಕ್ಕಿತು. ಅದೇ ಯುದ್ಧದ ಕಾಲದಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ತಾಮ್ರ, ನಿಕಲ್, ಮೆಗ್ನೀಸಿಯಂಗಳನ್ನು ಕೂಡಿಸಿದ ‘ವೈ’ ಎಂಬ ಮಿಶ್ರಲೋಹ ಜನಿಸಿತು. ಅದರ ಜಾಡಿನಲ್ಲಿ ರೋಲ್ಸ್-ರಾಯ್ಸ್ ಸಂಸ್ಥೆ ತನ್ನ ‘ಆರ್‌.ಆರ್.’ ಮಿಶ್ರಲೋಹಗಳನ್ನು ಬೆಳೆಸಿತು. ಇವತ್ತು ಪಂದ್ಯದ ಎಂಜಿನುಗಳಿಗೆ ಮೀಸಲಾದ 2618 ಎಂಬ ಸಂಖ್ಯೆಯ ಮಿಶ್ರಲೋಹ ಆ ವಂಶದ ಕುಡಿ. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರುತ್ತ, ಗಾಳಿಯ ಘರ್ಷಣೆಯಿಂದ ನೂರು ಡಿಗ್ರಿಯ ಮೇಲೆ ಕಾಯುತ್ತಿದ್ದ ಕಾಂಕಾರ್ಡ್ ವಿಮಾನದ ಹೊದಿಕೆಗೂ ಇದೇ ವಂಶದ ಲೋಹವನ್ನು ಆರಿಸಿದ್ದರೆಂಬುದು, ಬಿಸಿಯಲ್ಲಿ ಬಲಗುಂದದಿರುವ ಅದರ ಗುಣಕ್ಕೆ ಸಾಕ್ಷಿ.

ಆದರೆ ಈ ಲೋಹಕ್ಕೆ ಒಂದು ಸ್ವಭಾವದೋಷವುಂಟು: ಕಾದರೆ ಬಹಳ ಹಿಗ್ಗುತ್ತದೆ. ಗಾಡಿಯ ಗಾಲಿಗೆ ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ ತೊಡಿಸಿ ನೀರೆರಚಿ ಬಿಗಿಗೊಳಿಸುವುದನ್ನು ಕಂಡವರಿಗೆ ಲೋಹ ಹಿಗ್ಗಿ ಕುಗ್ಗುವ ಬಗೆ ತಿಳಿದೇ ಇದೆ. ಅಲ್ಯೂಮಿನಿಯಂನ ಹಿಗ್ಗು ಕಬ್ಬಿಣದ್ದರ ಇಮ್ಮಡಿ. 87 ಮಿಲಿಮೀಟರ್ ವ್ಯಾಸದ 2618ರ ಪಿಸ್ಟನ್ನು ನೂರು ಡಿಗ್ರಿ ಕಾದರೆ ಸುಮಾರು 0.19 ಮಿಲಿಮೀಟರ್ ದೊಡ್ಡದಾಗುತ್ತದೆ. ಅಷ್ಟೇ ಕಾದ ಎರಕದ ಕಬ್ಬಿಣದ ಸಿಲಿಂಡರು ಅಗಲವಾಗುವುದು 0.1 ಮಿಲಿಮೀಟರಿಗಿಂತ ತುಸು ಕಡಿಮೆ. ಎಂದರೆ ತಣ್ಣಗಿರುವಾಗ ಅವೆರಡರ ನಡುವೆ ಇದ್ದ ಎಡೆಯಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟನ್ನು ಬಿಸಿಯೇ ನುಂಗಿಬಿಡುತ್ತದೆ. ಸಿಲಿಕಾನ್ ಹೆಚ್ಚಾಗಿ ಬೆರೆತ ಎರಕದ ಪಿಸ್ಟನ್ನುಗಳು ಇಷ್ಟು ಹಿಗ್ಗುವುದಿಲ್ಲವಾದ್ದರಿಂದ ಅವನ್ನು ಗೋಡೆಗೆ ಹತ್ತಿರವಾಗಿಯೇ ಕೂರಿಸಬಹುದು. 2618ರಲ್ಲಿ ಸಿಲಿಕಾನ್ ಇಲ್ಲವೆನ್ನುವಷ್ಟು ಕಡಿಮೆ, ಆದುದರಿಂದ ಅದಕ್ಕೆ ಸಾಮಾನ್ಯವಾಗಿ 0.08ರಿಂದ 0.1 ಮಿಲಿಮೀಟರಿನವರೆಗೆ, ತಲೆಗೂದಲಿನ ದಪ್ಪದಷ್ಟು ಎಡೆಯನ್ನು ಬಿಡುವರು. ಎಡೆ ಕಡಿಮೆಯಾದರೆ ಹಿಗ್ಗಿದ ಪಿಸ್ಟನ್ನು ಎಣ್ಣೆಯ ಪದರವನ್ನು ಒತ್ತರಿಸಿ ಗೋಡೆಯನ್ನು ಕಚ್ಚಿ ಹಿಡಿಯುತ್ತದೆ. ನಮ್ಮ ಮೇಸ್ತ್ರಿಗಳ ಮಾತಿನಲ್ಲಿ ಎಂಜಿನು ‘ಸೀಜ್’ ಆಗುತ್ತದೆ. ಹೆಚ್ಚಾದರೆ ಪಿಸ್ಟನ್ನು ಅತ್ತಿತ್ತ ಓಲಾಡಿ ಗೋಡೆಯನ್ನು ಗುದ್ದುತ್ತದೆ, ಉಂಗುರಗಳು ಸರಿಯಾಗಿ ಕೂರುವುದಿಲ್ಲ. ಹೊಸದಾಗಿ ಕಟ್ಟಿದ ಎಂಜಿನಿನ ಆಯುಷ್ಯವೆಲ್ಲ ಈ ಎಡೆಯಲ್ಲಿ ಅಡಗಿದೆಯೆಂದು ನಾನು ಭಾವಿಸುತ್ತೇನೆ. ಪಿಸ್ಟನ್ನಿನ ಬಲವನ್ನು ಹಣಕೊಟ್ಟು ತರಬಹುದು, ಎಡೆಯನ್ನು ಮಾತ್ರ ಕೊರೆಯುವವನ ಕೈಯೇ ಕೊಡಬೇಕು.

ಪಿಸ್ಟನ್ನು ಕಣ್ಣಿಗೆ ದುಂಡಗೆ ಕಂಡರೂ ದುಂಡಗಿಲ್ಲವೆಂಬುದು ಇನ್ನೊಂದು ವಿಸ್ಮಯ. ಬೆಂಕಿಗೆ ಒಡ್ಡಿಕೊಂಡ ತಲೆ ಹೆಚ್ಚು ಹಿಗ್ಗುವುದರಿಂದ ಅದನ್ನು ಕೆಳಗಿನ ಭಾಗಕ್ಕಿಂತ ಕಿರಿದಾಗಿಯೂ, ಪಿನ್ನು ಹಾಯುವ ದಿಕ್ಕಿನಲ್ಲಿ ಲೋಹ ದಪ್ಪವಾಗಿರುವುದರಿಂದ ಆ ದಿಕ್ಕಿನ ವ್ಯಾಸವನ್ನು ಕಡಿಮೆಯಾಗಿಯೂ ಮಾಡಿರುತ್ತಾರೆ. ಬಿಸಿಯಾದ ಮೇಲೆಯೇ ಅದು ದುಂಡಗಾಗತಕ್ಕದ್ದು. ಆದಕಾರಣ ಪಿಸ್ಟನ್ನನ್ನು ಎಲ್ಲೆಂದರಲ್ಲಿ ಅಳೆಯುವಂತಿಲ್ಲ. ತಯಾರಕರು ಸೂಚಿಸಿದ ಎತ್ತರದಲ್ಲಿ, ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರ್ ಹಿಡಿದು ಅಳೆಯಬೇಕು.

ಇನ್ನು ಕೊರೆಯುವ ಮಾತು. ಮೊದಲು ಬ್ಲಾಕಿನ ಗೋಡೆ ಎಲ್ಲೆಲ್ಲಿ ಎಷ್ಟು ದಪ್ಪವಾಗಿದೆಯೆಂಬುದನ್ನು ಶ್ರವಣಾತೀತ ತರಂಗಗಳಿಂದ ಪರೀಕ್ಷಿಸುವುದು ವಿವೇಕ. ಎರಕ ಹೊಯ್ಯುವಾಗ ಒಳ ಅಚ್ಚು ಕೊಂಚ ಸರಿದಿದ್ದರೆ ಒಂದು ಮಗ್ಗುಲ ಗೋಡೆ ತೆಳುವಾಗಿರುತ್ತದೆ, ಕೊರೆದ ಮೇಲೆ ಅಲ್ಲಿಯೇ ಬಿರುಕು ಬಿಡುತ್ತದೆ. ಸ್ವತಃ ನಿಸ್ಸಾನ್ ಕಂಪನಿಯೇ ಪಂದ್ಯಕ್ಕಾಗಿ ಗಟ್ಟಿಮುಟ್ಟಾದ ‘ಎನ್1’ ಎಂಬ ಬೇರೆ ಬ್ಲಾಕನ್ನು ಎರೆಯುತ್ತಿದ್ದುದನ್ನು ನೋಡಿದರೆ ಈ ಎಚ್ಚರದ ಅಗತ್ಯ ಮನದಟ್ಟಾಗುತ್ತದೆ. ಬಳಿಕ ಬೋರು ಯಂತ್ರದ ಉಳಿಯಿಂದ ಕೊರೆದು, ಕೊನೆಯ ಕೆಲವೇ ಶತಾಂಶ ಮಿಲಿಮೀಟರುಗಳನ್ನು ಸಾಣೆಗೆಂದು ಉಳಿಸುತ್ತಾರೆ. ಸಾಣೆ ಹಿಡಿಯುವಾಗ ಒಂದು ಉಪಾಯ ಮಾಡುವುದುಂಟು. ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಮೆಚ್ಚಿಕೆಯಾದುದು ಅದೇ. ಎಂಜಿನು ಕೂಡಿದ ಮೇಲೆ ಹೆಡ್ಡನ್ನು ಬ್ಲಾಕಿಗೆ ಬಿಗಿಯುವ ಬೋಲ್ಟುಗಳ ಸೆಳೆತಕ್ಕೆ ಕಬ್ಬಿಣದ ಗೋಡೆಯೂ ಸೊಟ್ಟಗಾಗುತ್ತದೆ. ಬರಿಯ ಬ್ಲಾಕಿನಲ್ಲಿ ಎಷ್ಟೇ ದುಂಡಗೆ ಸಾಣೆ ಹಿಡಿದರೂ ಬಿಗಿದೊಡನೆ ಆ ದುಂಡು ಕೆಡುತ್ತದೆ. ಆದ್ದರಿಂದ ಹೆಡ್ಡಿನ ಜಾಗದಲ್ಲಿ, ಸಿಲಿಂಡರುಗಳಿಗೆ ಸರಿಯಾಗಿ ತೂತುಗಳಿರುವ ದಪ್ಪನೆಯ ಲೋಹದ ಹಲಗೆಯೊಂದನ್ನು, ಅದೇ ಬೋಲ್ಟು, ಅದೇ ಗ್ಯಾಸ್ಕೆಟ್ಟು, ಅದೇ ಬಿಗುವಿನಲ್ಲಿ ಕೂರಿಸಿ, ಗೋಡೆಯನ್ನು ಮೊದಲೇ ಸೊಟ್ಟಗೊಳಿಸಿ, ಆ ಸ್ಥಿತಿಯಲ್ಲಿ ಸಾಣೆ ಹಿಡಿದು ದುಂಡಗೆ ಮಾಡುತ್ತಾರೆ. ಹಲಗೆಯನ್ನು ಬಿಚ್ಚಿದಾಗ ಸಿಲಿಂಡರು ಮತ್ತೆ ಸೊಟ್ಟಗಾಗುತ್ತದೆ. ನಿಜವಾದ ಹೆಡ್ಡು ಬಂದು ಕುಳಿತಾಗ ದುಂಡಗಾಗುತ್ತದೆ.

ಆರು ಪಿಸ್ಟನ್ನುಗಳೂ ಒಂದೇ ಅಳತೆಯೆಂದು ಪೆಟ್ಟಿಗೆಯ ಮೇಲೆ ಬರೆದಿದ್ದರೂ ಒಳ್ಳೆಯ ಕೆಲಸಗಾರ ಅದನ್ನು ನಂಬಿ ಸುಮ್ಮನಿರುವುದಿಲ್ಲ; ಒಂದೊಂದನ್ನೂ ಅಳೆದು, ಸಂಖ್ಯೆ ಬರೆದು, ಅದಕ್ಕೆ ತಕ್ಕ ಸಿಲಿಂಡರನ್ನು ಅದಕ್ಕೆಂದೇ ಸಾಣೆ ಹಿಡಿಯುತ್ತಾನೆ. ಕೊನೆಗೆ ಗೋಡೆಯ ಮೇಲೆ ಒಂದನ್ನೊಂದು ಓರೆಯಾಗಿ ಛೇದಿಸುವ ಸೂಕ್ಷ್ಮ ಗೀರುಗಳು ಉಳಿಯಬೇಕು. ಎಣ್ಣೆಯನ್ನು ಹಿಡಿದಿಡುವ ಕಾಲುವೆಗಳು ಅವೇ. ಆಮೇಲೆ ಬಿಸಿನೀರು, ಸೋಪು, ಕುಂಚಗಳಿಂದ ಬ್ಲಾಕನ್ನು ತಿಕ್ಕಿ ತೊಳೆದು, ಎಣ್ಣೆ ಹಚ್ಚಿದ ಬಿಳಿಯ ಬಟ್ಟೆಯಿಂದ ಒರೆಸಿದರೆ ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಬಿಡಕೂಡದು. ಉಳಿದ ಸಾಣೆಪುಡಿ ಹೊಸ ಉಂಗುರಗಳನ್ನು ಕೆಲವೇ ದಿನಗಳಲ್ಲಿ ಅರೆದುಬಿಡುತ್ತದೆ. ಉಂಗುರದ ಎರಡು ತುದಿಗಳ ನಡುವೆಯೂ, ಟರ್ಬೋ ಇರುವಲ್ಲಿ, ಅರ್ಧ ಮಿಲಿಮೀಟರಿನಷ್ಟು ಸಂದು ಬೇಕು. ಕಾದಾಗ ತುದಿಗಳು ಒಂದಕ್ಕೊಂದು ಒತ್ತಿಕೊಂಡರೆ, ಬಡಿದ ಪಿಸ್ಟನ್ನೂ ಮುರಿಯುತ್ತದೆ.

ಇಷ್ಟು ಶ್ರಮಪಟ್ಟು ಕಟ್ಟಿದ ಎಂಜಿನು ಬೆಳಗಿನ ಚಳಿಯಲ್ಲಿ ಹೊತ್ತಿಕೊಂಡಾಗ ಒಳಗಿನಿಂದ ಟಕಟಕನೆ ಸದ್ದು ಕೇಳಿಬಂದರೆ ಗಾಬರಿಪಡಬೇಕಾದುದಿಲ್ಲ. ಇನ್ನೂ ಹಿಗ್ಗದ ಪಿಸ್ಟನ್ನು ತನಗೆ ಬಿಟ್ಟ ಎಡೆಯಲ್ಲಿ ಓಲಾಡುತ್ತಿದೆ, ಅಷ್ಟೆ. ಬಿಸಿಯೇರಿದಂತೆ ಆ ಸದ್ದು ಅಡಗುತ್ತದೆ. ಹಾಗೆಂದು ದಿನನಿತ್ಯ ಊರೊಳಗೆ ಓಡಾಡುವ ಕಾರಿಗೆ ಇಂತಹ ಪಿಸ್ಟನ್ನು ತಕ್ಕುದೆಂದು ನಾನು ಹೇಳಲಾರೆ. ಸಿಲಿಕಾನಿನ ಗಟ್ಟಿತನವಿಲ್ಲದ ಈ ಲೋಹ ಬೇಗ ಸವೆಯುತ್ತದೆ, ತಣ್ಣನೆಯ ಓಡಾಟ ಅದಕ್ಕೆ ಹಿತವಲ್ಲ. ಅಲ್ಲಿಗೆ ಎರಕದ ಪಿಸ್ಟನ್ನೇ ಮೇಲು. ಬಡಿದುದೇ ಬೇಕಾದರೆ, ನೂರಕ್ಕೆ 12ರಷ್ಟು ಸಿಲಿಕಾನ್ ಇರುವ, ಕಡಿಮೆ ಹಿಗ್ಗುವ 4032 ಎಂಬ ಮಿಶ್ರಲೋಹ ಸಾಕು. 2618ನ್ನೇ ಕೂರಿಸಿಕೊಂಡವರಲ್ಲಿ ಒಂದೇ ವಿನಂತಿ: ನೀರಿನ ಬಿಸಿ ತೋರಿಸುವ ಮುಳ್ಳು ನಡುವಿಗೆ ಬಂದಿತೆಂದು ಕೂಡಲೇ ಆಕ್ಸಿಲರೇಟರನ್ನು ತುಳಿಯಬೇಡಿ, ಎಣ್ಣೆ ಕಾಯುವುದು ನೀರಿಗಿಂತ ನಿಧಾನ, ಅದು ಕಾಯುವವರೆಗೆ ಕೆಲವು ನಿಮಿಷ ಮೆಲ್ಲಗೆ ನಡೆಸಿ.