ಕೈಬದಲಾದ ಎಂ.ಆರ್.ಐ. ಯಂತ್ರವನ್ನು ಕೊಳ್ಳುವ ಮೊದಲು

ಸಾಲಹಳ್ಳಿಯಂಥ ಊರಿನಲ್ಲಿ ಒಬ್ಬರಿಗೆ ಬೆನ್ನಿನ ಬೇನೆಯೋ ಅರ್ಧಾಂಗವಾಯುವೋ ತಗಲಿ, ವೈದ್ಯರು ಎಂ.ಆರ್.ಐ. ಚಿತ್ರ ತೆಗೆಯಿಸಲು ಚೀಟಿ ಬರೆದುಕೊಟ್ಟರೆಂದರೆ, ಮನೆಯವರು ದುಡ್ಡಿಗಿಂತ ಮೊದಲು ದಾರಿಯನ್ನು ಎಣಿಸುತ್ತಾರೆ. ಬೆಳಗಾವಿಯೋ, ಬಾಗಲಕೋಟೆಯೋ, ಹುಬ್ಬಳ್ಳಿಯೋ? ಬಾಡಿಗೆಯ ಮೋಟಾರು, ರೋಗಿಯ ಜೊತೆಗೆ ಇಬ್ಬರು, ಎಲ್ಲರ ಒಂದು ದಿನದ ದುಡಿಮೆ. ಹೀಗಿರಲು ಹತ್ತಿರದ ತಾಲೂಕಾ ಸ್ಥಳದಲ್ಲಿಯೇ ಅಂಥದೊಂದು ಯಂತ್ರವಿರಬೇಕೆಂದು ಜನರು ಬಯಸುವದು ಸಹಜವೇ. ಹೊಸ ಯಂತ್ರದ ಬೆಲೆಯು ಕೋಟಿಗಳಲ್ಲಿ ಇರುವದರಿಂದ, ಸಣ್ಣ ದವಾಖಾನೆಗಳವರ ದೃಷ್ಟಿಯು ಕೈಬದಲಾದ ಯಂತ್ರದ ಕಡೆಗೆ ಹೊರಳುತ್ತದೆ.

ಇದು ವೈದ್ಯರ ವಿಷಯ, ಗೃಹಸ್ಥರಿಗೇಕೆಂದು ವಾಚಕರು ಕೇಳಬಹುದು. ನಮ್ಮ ಸೀಮೆಯಲ್ಲಿ ಸಾಲೆ, ದವಾಖಾನೆಗಳು ಬೆಳೆದುದು ಗೃಹಸ್ಥರ ಹಣದಿಂದಲೇ. ಸವದತ್ತಿಯ ಕಡೆಯ ಶಿರಸಂಗಿಯ ಲಿಂಗರಾಜ ದೇಸಾಯರು ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬಿಟ್ಟು ೧೯೦೬ರಲ್ಲಿ ತೀರಿಕೊಂಡರು. ೧೯೧೬ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕೆ.ಎಲ್.ಇ. ಸಂಸ್ಥೆಯು ದಾನಿಗಳ ಬೆಂಬಲದಿಂದಲೇ ಬೆಳೆದು ಈಗ ದೊಡ್ಡ ಆಸ್ಪತ್ರೆಯನ್ನು ನಡೆಸುತ್ತಿದೆ. ನಾಳೆ ನಿಮ್ಮೂರಿನ ದವಾಖಾನೆಯ ಪಂಚಕಮಿಟಿಯಲ್ಲಿ ನೀವೇ ಕುಳಿತಿರಬಹುದು; ವರ್ಗಣಿಯ ಪಟ್ಟಿಯಲ್ಲಂತೂ ನಿಮ್ಮ ಹೆಸರು ಇದ್ದೇ ಇರುವದು.

ದಲಾಲನು ಮೊದಲು ಹೇಳುವದು ಎರಡೇ ಮಾತು: ಬೆಲೆ ಎಷ್ಟು, ‘ಟೆಸ್ಲಾ’ ಎಷ್ಟು. ಟೆಸ್ಲಾ ಎಂಬುದು ಅಯಸ್ಕಾಂತದ ಬಲವನ್ನು ಅಳೆಯುವ ಮಾನ. ೧.೫ ಟೆಸ್ಲಾದ ಯಂತ್ರವು ಭೂಮಿಯ ಕಾಂತಬಲಕ್ಕಿಂತ ಮೂವತ್ತು ಸಾವಿರ ಪಟ್ಟಿಗೂ ಹೆಚ್ಚು ಬಲವುಳ್ಳದ್ದು. ನಮ್ಮ ಮೈಯಲ್ಲಿಯ ನೀರಿನ ಜಲಜನಕ ಕಣಗಳು ಈ ಬಲಕ್ಕೆ ಸಿಕ್ಕಿದಾಗ ಯಂತ್ರವು ರೇಡಿಯೋ ಅಲೆಗಳಿಂದ ಅವನ್ನು ತಟ್ಟಿ, ಅವು ಮರಳಿ ಕೊಡುವ ದನಿಯಿಂದ ಚಿತ್ರವನ್ನು ಕಟ್ಟುತ್ತದೆ. ಇದರಲ್ಲಿ ಕ್ಷಕಿರಣದ ಸೋಂಕಿಲ್ಲ. ಆದರೆ ಇಷ್ಟು ಬಲದ ಅಯಸ್ಕಾಂತವು ಉಳಿಯಬೇಕಾದರೆ ಅದರೊಳಗಿನ ತಂತಿಯ ಸುರುಳಿಯು ದ್ರವ ಹೀಲಿಯಮ್ಮಿನಲ್ಲಿ ಸೊನ್ನೆಗಿಂತ ೨೬೯ ಅಂಶ ಕೆಳಗಿನ ಚಳಿಯಲ್ಲಿ ಹಗಲಿರುಳೂ ಮುಳುಗಿರಬೇಕು. ಹಳೆಯ ಯಂತ್ರಗಳಲ್ಲಿ ಸಾವಿರದಿಂದ ಎರಡು ಸಾವಿರ ಲೀಟರಿನ ವರೆಗೆ ಹೀಲಿಯಮ್ ಹಿಡಿಯುವದು. ಇದು ನಮ್ಮ ದೇಶಕ್ಕೆ ಹೊರಗಿನಿಂದ ಬರತಕ್ಕ ಸರಕು. ೨೦೧೭ರಲ್ಲಿ ಕತಾರ ದೇಶಕ್ಕೆ ನೆರೆಯವರು ದಿಗ್ಬಂಧನ ಹಾಕಿದಾಗ ಜಗತ್ತಿನಲ್ಲೆಲ್ಲ ಇದರ ಪೂರೈಕೆ ಏರುಪೇರಾಯಿತು.

ಆದಕಾರಣ ನನ್ನ ಅಭಿಪ್ರಾಯದಲ್ಲಿ ಯಂತ್ರದ ವಯಸ್ಸಿಗಿಂತಲೂ ಮೊದಲು ಕೇಳತಕ್ಕದ್ದು ಅದರ ಚಳಿಯ ಚರಿತ್ರೆಯನ್ನು. ಹೀಲಿಯಮ್ಮಿನ ಮಟ್ಟವನ್ನು ಬರೆದಿಟ್ಟ ದಿನಚರಿಯನ್ನು ತರಿಸಿ ನೋಡಿರಿ. ಮಟ್ಟವು ತಿಂಗಳಿಂದ ತಿಂಗಳಿಗೆ ಇಳಿಯುತ್ತ ಬಂದಿದ್ದರೆ, ಅದು ಒಡಕು ಕೊಡದಂತೆ, ತುಂಬಿದಷ್ಟೂ ಸೋರುವದು. ಚಳಿಯನ್ನು ಕಾಯುವ ‘ಕೋಲ್ಡ್ ಹೆಡ್’ ಎಂಬ ಭಾಗವು ಕೆಲವು ವರ್ಷಗಳಿಗೊಮ್ಮೆ ಬದಲಾಗಬೇಕು. ಕೊನೆಗೆ ಯಾವಾಗ ಬದಲಾಯಿತು? ಅಯಸ್ಕಾಂತವು ಎಂದಾದರೂ ಬಿಸಿಯಾಗಿ ಹೀಲಿಯಮ್ಮೆಲ್ಲ ಒಮ್ಮೆಲೇ ಹಾರಿಹೋಗಿತ್ತೇ? ಮಾರುವವನು ಈ ಕಾಗದಗಳನ್ನು ಕೊಡಲು ಹಿಂದೆಮುಂದೆ ನೋಡಿದರೆ ಮಾತು ಅಲ್ಲಿಗೇ ನಿಲ್ಲಿಸುವದು ಲೇಸು.

ಬಳಸಿದ ಯಂತ್ರ ಬೇರೆ, ನವೀಕರಿಸಿದ ಯಂತ್ರ ಬೇರೆ. ಸವೆದ ಭಾಗಗಳನ್ನು ಬದಲಿಸಿ, ತಯಾರಕರ ಅಳತೆಗೆ ಸರಿಯಾಗಿ ಪರೀಕ್ಷಿಸಿ, ಹೊಣೆಪತ್ರ ಕೊಟ್ಟರೆ ಮಾತ್ರ ಅದು ನವೀಕರಣ. ಹೊರಮೈಗೆ ಬಣ್ಣ ಹೊಡೆದು ಆ ಹೆಸರಿನಿಂದ ಮಾರುವವರೂ ಉಂಟು. ದನಗಳ ಜಾತ್ರೆಯಲ್ಲಿ ಕೊಂಬಿನ ಬಣ್ಣಕ್ಕೆ ಮರುಳಾಗದೆ ಹಲ್ಲು ಎಣಿಸಿ, ನೊಗಕ್ಕೆ ಕಟ್ಟಿ, ನಡೆಯಿಸಿ ನೋಡುವ ನಮ್ಮ ಒಕ್ಕಲಿಗರಿಗೆ ಇದನ್ನು ಕಲಿಸಬೇಕಾಗಿಲ್ಲ. ಯಂತ್ರವನ್ನು ಬಿಚ್ಚುವ ಮೊದಲೇ, ಅದು ನಡೆಯುತ್ತಿರುವಾಗ, ನಿಮ್ಮ ಕಡೆಯ ಎಂಜಿನಿಯರನು ಹೋಗಿ ನೋಡಬೇಕು. ತಲೆ, ಬೆನ್ನು, ಮೊಣಕಾಲುಗಳಿಗೆ ತೊಡಿಸುವ ಸುರುಳಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು. ಒಂದು ಕೆಟ್ಟಿದ್ದರೂ ಅದರ ಬೆಲೆ ಲಕ್ಷಗಳಲ್ಲಿ.

ಆಮದಾದ ಯಂತ್ರವಾದರೆ ಕಾಯಿದೆಯ ತೊಡಕೂ ಇದೆ. ೨೦೧೭ರ ವೈದ್ಯಕೀಯ ಉಪಕರಣಗಳ ನಿಯಮಗಳಲ್ಲಿ ನವೀಕೃತ ಉಪಕರಣಗಳಿಗೆ ಅವಕಾಶವಿಲ್ಲವೆಂದು ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆಯು ೨೦೨೫ರ ಆರಂಭದಲ್ಲಿ ತಿಳಿಸಿತು. ಆದುದರಿಂದ ಯಂತ್ರವು ದೇಶಕ್ಕೆ ಯಾವ ವರ್ಷ, ಯಾವ ಕಾಗದದ ಮೇಲೆ ಬಂದಿತೆಂಬುದನ್ನು ವಕೀಲರಿಂದ ಓದಿಸಿಕೊಳ್ಳತಕ್ಕದ್ದು.

ಇನ್ನು ಸ್ಥಳದ ವಿಚಾರ. ಟನ್ನುಗಟ್ಟಲೆ ತೂಗುವ ಯಂತ್ರಕ್ಕೆ ಗಟ್ಟಿಯಾದ ನೆಲವೂ, ರೇಡಿಯೋ ಅಲೆಗಳನ್ನು ತಡೆಯಲು ತಾಮ್ರದ ಹೊದಿಕೆಯ ಕೋಣೆಯೂ ಬೇಕು. ಹತ್ತಿರದಲ್ಲಿ ದೊಡ್ಡ ಕಬ್ಬಿಣವು ಚಲಿಸಿದರೆ ಚಿತ್ರ ಕೆಡುವದು. ಕಬ್ಬಿನ ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟುವ ರಸ್ತೆಯ ಅಂಚಿನಲ್ಲಿ ಕೋಣೆ ಕಟ್ಟಿಸುವದು ಸಲ್ಲದು. ರೋಗಿಗಳಿಲ್ಲದ ರಾತ್ರಿಯಲ್ಲಿಯೂ ತಂಪಿನ ಯಂತ್ರ ನಡೆಯಲೇಬೇಕಾದುದರಿಂದ ಹೆಸ್ಕಾಂ ವಿದ್ಯುತ್ತು ಹೋದಾಗ ಜನರೇಟರು ತಾನಾಗಿಯೇ ಹೊತ್ತಿಕೊಳ್ಳಬೇಕು. ಇಷ್ಟು ಖರ್ಚಿಗೆ ಹಣ ಸಾಲದಿದ್ದರೆ, ೦.೩ ಟೆಸ್ಲಾದ ಸುಮಾರಿನ, ಹೀಲಿಯಮ್ ಬೇಡದ ಸ್ಥಿರ ಅಯಸ್ಕಾಂತದ ಯಂತ್ರವನ್ನು ಕೀಳೆಂದು ತಳ್ಳಬಾರದು. ಅದರಲ್ಲಿ ಚಿತ್ರಕ್ಕೆ ಹೊತ್ತು ಹೆಚ್ಚು, ಸೂಕ್ಷ್ಮತೆ ಕಡಿಮೆ. ಆದರೂ ಬೆನ್ನು, ಮೊಣಕಾಲುಗಳ ಎಷ್ಟೋ ಕೆಲಸ ಅದರಿಂದ ಆಗುತ್ತದೆ. ನಿಂತುಹೋದ ೧.೫ ಟೆಸ್ಲಾಕ್ಕಿಂತ ನಡೆಯುವ ೦.೩ ಟೆಸ್ಲಾ ರೋಗಿಗೆ ಹಿತ.

ಹಣಕ್ಕಿಂತ ದೊಡ್ಡ ಮಾತೊಂದಿದೆ. ೨೦೧೪ರ ನವೆಂಬರಿನಲ್ಲಿ ನವಿ ಮುಂಬಯಿಯ ಖಾರಘರದಲ್ಲಿರುವ ಟಾಟಾ ಕ್ಯಾನ್ಸರ್ ಕೇಂದ್ರದಲ್ಲಿ ಪ್ರಾಣವಾಯುವಿನ ಉಕ್ಕಿನ ಸಿಲಿಂಡರನ್ನು ಯಂತ್ರವು ಸೆಳೆದುಕೊಂಡು, ಇಬ್ಬರು ನೌಕರರು ಸುಮಾರು ನಾಲ್ಕು ತಾಸು ಅದರಲ್ಲಿ ಸಿಕ್ಕಿಬಿದ್ದರು. ಅಯಸ್ಕಾಂತವನ್ನು ಇಳಿಸುವ ತುರ್ತುಗುಂಡಿಯು ಕೆಲಸಮಾಡಲಿಲ್ಲವೆಂದು ಆಗ ವರದಿಯಾಯಿತು. ೨೦೧೮ರ ಜನೆವರಿಯಲ್ಲಿ ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ಇಂಥದೇ ಸಿಲಿಂಡರಿನಿಂದ, ರೋಗಿಯ ಸಂಬಂಧಿಕನಾದ ತರುಣನೊಬ್ಬನು ಪ್ರಾಣವನ್ನೇ ಕಳೆದುಕೊಂಡನು. ಯಂತ್ರವು ಕೈಬದಲಾಗಿ ಬರುವಾಗ ಆ ಗುಂಡಿಯ ತಂತಿಯೂ, ಹೀಲಿಯಮ್ ಅನಿಲವನ್ನು ಮಾಳಿಗೆಯ ಹೊರಗೆ ಒಯ್ಯುವ ಕೊಳವೆಯೂ ಹೊಸದಾಗಿ ಜೋಡಣೆಯಾಗಬೇಕು. ಒಂದು ಲೀಟರು ದ್ರವವು ಏಳುನೂರು ಲೀಟರಿಗೂ ಹೆಚ್ಚು ಅನಿಲವಾಗಿ ಹಿಗ್ಗುವದರಿಂದ, ಕೊಳವೆ ಸರಿಯಿಲ್ಲದಿದ್ದರೆ ಕೋಣೆಯಲ್ಲಿದ್ದವರಿಗೆ ಉಸಿರಾಡಲು ಗಾಳಿಯೇ ಉಳಿಯದು. ಇವೆರಡನ್ನೂ ಪಂಚರ ಎದುರಿನಲ್ಲಿ ಪರೀಕ್ಷಿಸಿ ತೋರಿಸಬೇಕೆಂದು ಕರಾರಿನಲ್ಲಿ ಬರೆಯಿಸಿರಿ.

ಕೆಟ್ಟಾಗ ದುರಸ್ತಿಗೆ ಯಾರು ಬರುವರು, ಎಲ್ಲಿಂದ, ಎಷ್ಟು ತಾಸಿನೊಳಗೆ ಎಂಬುದೂ ಅದೇ ಕರಾರಿನಲ್ಲಿರಲಿ. ಬಿಡಿಭಾಗಗಳು ಇನ್ನೆಷ್ಟು ವರ್ಷ ಸಿಗುವವೆಂದು ತಯಾರಕರಿಂದಲೇ ಪತ್ರ ತರಿಸಿರಿ. ಬೆಲೆಯ ಕೊನೆಯ ಕಂತನ್ನು ಯಂತ್ರವು ನಿಮ್ಮ ಊರಲ್ಲಿ ಒಂದು ಬೇಸಿಗೆ ಕಳೆದು, ಹೀಲಿಯಮ್ಮಿನ ಮಟ್ಟವು ಇಳಿಯದೆ ನಿಂತ ದಿನಚರಿಯನ್ನು ನೋಡಿದ ಮೇಲೆಯೇ ಕೊಡತಕ್ಕದ್ದು.