ಹೆಬ್ಬೆಟ್ಟು, ಯಂತ್ರ ಮತ್ತು ಮನುಷ್ಯನ ಮಾನ

ಒಂದು ಕಾಲದಲ್ಲಿ ಭಾನುವಾರದ ಬಲಿಪೂಜೆ ಮುಗಿದ ಮೇಲೆ ಜನರು ಗುರುಗಳ ಬಳಿ ಬಂದು ಕೇಳುತ್ತಿದ್ದುದು ಮಳೆ-ಬೆಳೆ, ಮಗಳ ಮದುವೆ, ಮಗನ ಓದು, ಮನೆಯವರ ಕಾಯಿಲೆಗಳ ವಿಚಾರ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಡೆ ಈಗ ಇವುಗಳೊಂದಿಗೆ ಹೊಸದೊಂದು ಚಿಂತೆಯೂ ಸೇರಿಕೊಂಡಿದೆ. "ಫಾದರ್, ಫೋನ್ ಮಾಡಿ ಆಧಾರ್ ನಂಬರ್ ಕೇಳಾಕತ್ತಾರ್ರಿ, ಹೇಳಬೇಕೇನ್ರಿ?" ಎಂದು ಒಬ್ಬರು ಕೇಳಿದರೆ, "ಹೆಬ್ಬೆಟ್ಟು ಒತ್ತಿಸ್ಕೊಂಡ್ರು, ಯಾತಕ್ಕಂತ ಹೇಳಲಿಲ್ರಿ" ಎಂದು ಇನ್ನೊಬ್ಬರು ಅಳುಕುತ್ತಾರೆ. ವಿದ್ಯಾವಂತರಾದವರು ಇದನ್ನು ಹಳ್ಳಿಗರ ಅಜ್ಞಾನವೆಂದು ನಕ್ಕು ತಳ್ಳಿಹಾಕುವುದುಂಟು. ಆದರೆ ಸ್ವಲ್ಪ ನಿಂತು ವಿಚಾರ ಮಾಡಿದರೆ, ಮನುಷ್ಯನ ಮಾನವನ್ನು ಕುರಿತ ಬಹು ಹಳೆಯ ಅರಿವೊಂದು ಈ ಅಳುಕಿನಲ್ಲಿ ಅಡಗಿರುವುದು ಕಾಣುತ್ತದೆ.

ಸಹಿಯಿಂದ ಮತ್ತೆ ಹೆಬ್ಬೆಟ್ಟಿಗೆ

1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾದಾಗ "ಹೆಬ್ಬೆಟ್ಟಿನಿಂದ ಬಿಡುಗಡೆ" ಎಂಬ ಮಾತಿಗೆ ಒಂದು ಘನತೆಯಿತ್ತು. ಲಾಟೀನಿನ ಬೆಳಕಿನಲ್ಲಿ ಕುಳಿತು ತಮ್ಮ ಹೆಸರನ್ನು ಬರೆಯಲು ಕಲಿತ ಎಷ್ಟೋ ತಾಯಂದಿರು ಮೊದಲ ಬಾರಿಗೆ ಸಹಿ ಮಾಡಿದ ದಿನವನ್ನು ಹಬ್ಬದಂತೆ ನೆನೆಯುತ್ತಾರೆ. ಇಂದು ಅದೇ ತಾಯಂದಿರು ನ್ಯಾಯಬೆಲೆ ಅಂಗಡಿಯ ಪುಟ್ಟ ಯಂತ್ರದ ಮುಂದೆ ಮತ್ತೆ ಹೆಬ್ಬೆಟ್ಟು ಚಾಚಿ ನಿಂತಿದ್ದಾರೆ. ಅವರೊಂದಿಗೆ ವಕೀಲರೂ ಪ್ರಾಧ್ಯಾಪಕರೂ ನಿಂತಿದ್ದಾರೆ.

ಸಹಿ ಮತ್ತು ಹೆಬ್ಬೆಟ್ಟುಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ. ಸಹಿಯು ಮನಸ್ಸಿನ ಕ್ರಿಯೆ. ಓದಿ, ಒಪ್ಪಿ, ಕೈಯಾಡಿಸಿ ಮಾಡುವಂಥದು. ಒಪ್ಪಿಗೆಯಿಲ್ಲದಿದ್ದರೆ ಲೇಖನಿಯನ್ನು ಕೆಳಗಿಡಬಹುದು. ಹೆಬ್ಬೆಟ್ಟಿನ ಗೆರೆಗಳಾದರೋ ದೇಹದ ಗುರುತು. ಬೀಗದ ಕೈ ಕಳವಾದರೆ ಬೀಗವನ್ನೇ ಬದಲಿಸಬಹುದು. ಬೆರಳಚ್ಚು ಕಳವಾದರೆ ಬೆರಳನ್ನು ಬದಲಿಸಲಾಗದು.

ಇದು ಬರಿಯ ತರ್ಕವಲ್ಲ. 2023ರಲ್ಲಿ ಬೆಂಗಳೂರಿನಲ್ಲಿ ಆಸ್ತಿ ನೋಂದಣಿ ಮಾಡಿಸಿದ್ದ ಹಲವರ ಬ್ಯಾಂಕ್ ಖಾತೆಗಳಿಂದ, ಯಾವ ಓ.ಟಿ.ಪಿ.ಯೂ ಬಾರದೆ, ಹಣ ಮಾಯವಾಯಿತು. ನೋಂದಾಯಿತ ಪತ್ರಗಳ ಪ್ರತಿಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆಗಳನ್ನು ಬಳಸಿಕೊಂಡು, ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯ ಮೂಲಕ ವಂಚಕರು ಹಣ ತೆಗೆದಿದ್ದರೆಂಬುದು ಪೊಲೀಸರ ತನಿಖೆಯಲ್ಲಿ ಕಂಡುಬಂದಿತು. ಆ ಬಳಿಕ ಕಂದಾಯ ಇಲಾಖೆಯು ಪತ್ರಗಳಲ್ಲಿನ ಬೆರಳಚ್ಚನ್ನು ಮರೆಮಾಡುವ ಕ್ರಮಕ್ಕೆ ಮುಂದಾಯಿತು. ಹಣ ಕಳೆದುಕೊಂಡವರು ಯಾವ ತಪ್ಪನ್ನು ಮಾಡಿದ್ದರು? ಸರ್ಕಾರ ಕೇಳಿದ ಕಡೆ, ಕೇಳಿದಂತೆ, ಹೆಬ್ಬೆಟ್ಟು ಒತ್ತಿದ್ದರು, ಅಷ್ಟೇ.

ಯಂತ್ರವು ಗುರುತಿಸದೆ ಹೋದಾಗ ಆಗುವ ಕಷ್ಟ ಬೇರೊಂದು ಬಗೆಯದು. ಬ್ಯಾಡಗಿಯಲ್ಲಿ ದಿನವಿಡೀ ಮೆಣಸಿನಕಾಯಿಯ ತೊಟ್ಟು ಬಿಡಿಸುವ, ರಾಣೆಬೆನ್ನೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ದುಡಿಯುವ ಹೆಣ್ಣುಮಕ್ಕಳ ಬೆರಳ ಗೆರೆಗಳು ದುಡಿಮೆಯಿಂದಲೇ ಸವೆಯುತ್ತವೆ. ಹೆಚ್ಚು ದುಡಿದವಳನ್ನೇ ಯಂತ್ರವು "ನೀನು ನೀನಲ್ಲ" ಎಂದು ಹಿಂದಕ್ಕೆ ಕಳುಹಿಸುವುದು ಎಂಥ ವಿಪರ್ಯಾಸ! ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದ ಬಳಿ 2017ರ ಜುಲೈನಲ್ಲಿ ದಲಿತ ಕುಟುಂಬವೊಂದರ ಮೂವರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. ಕಾರ್ಡಿಗೆ ಆಧಾರ್ ಜೋಡಣೆಯಾಗಿಲ್ಲವೆಂಬ ಕಾರಣಕ್ಕೆ ಆ ಮನೆಗೆ ತಿಂಗಳುಗಟ್ಟಲೆ ಪಡಿತರ ದೊರೆತಿರಲಿಲ್ಲವೆಂದು ಪಿ.ಯು.ಸಿ.ಎಲ್. ಸಂಘಟನೆಯ ಸತ್ಯಶೋಧನೆ ಹೇಳಿತು. ಅವು ಹಸಿವಿನ ಸಾವುಗಳಲ್ಲವೆಂದು ಆಡಳಿತ ವಾದಿಸಿತು. ಸಾವಿನ ಕಾರಣದ ವಿವಾದ ಏನೇ ಇರಲಿ, ಒಲೆ ಉರಿಯದ ಮನೆಯ ಮುಂದೆ ನಿಂತು "ಏಕೆ?" ಎಂದು ಕೇಳಬೇಕಾಗಿದ್ದ ಮನುಷ್ಯನ ಸ್ಥಾನದಲ್ಲಿ ಒಂದು ಕಂಪ್ಯೂಟರ್ ಪಟ್ಟಿ ಇತ್ತೆಂಬುದು ನಮ್ಮನ್ನು ಕಾಡಬೇಕಾದ ಸಂಗತಿ. ಆಧಾರ್ ಇಲ್ಲವೆಂದಾಗಲಿ, ಬೆರಳಚ್ಚು ಹೊಂದಲಿಲ್ಲವೆಂದಾಗಲಿ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ ಅದೇ ವರ್ಷದ ಅಕ್ಟೋಬರಿನಲ್ಲಿ ರಾಜ್ಯಗಳಿಗೆ ಸೂಚಿಸಿತು.

ಕಾಗಿನೆಲೆಯ ಬಾಳೆಹಣ್ಣು

"ತಪ್ಪು ಮಾಡದವನಿಗೆ ಮುಚ್ಚಿಡಲು ಏನಿದೆ? ದೇವರೇ ಎಲ್ಲವನ್ನೂ ನೋಡುತ್ತಿರುವಾಗ ಕ್ಯಾಮರಾ ನೋಡಿದರೆ ತೊಂದರೆಯೇನು?" ಎಂದು ಕೆಲವರು ಕೇಳುವುದುಂಟು. ಇದಕ್ಕೆ ಉತ್ತರ ಹುಡುಕಲು ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯವರೆಗೆ ಹೋದರೆ ಸಾಕು. ಯಾರೂ ಕಾಣದ ಸ್ಥಳದಲ್ಲಿ ಬಾಳೆಹಣ್ಣು ತಿಂದು ಬನ್ನಿರೆಂದು ಗುರು ವ್ಯಾಸರಾಯರು ಹೇಳಿದಾಗ, ಭಗವಂತ ಕಾಣದ ಸ್ಥಳವೇ ಇಲ್ಲವೆಂದು ಕನಕದಾಸರು ಹಣ್ಣನ್ನು ಹಾಗೆಯೇ ಹಿಂದಕ್ಕೆ ತಂದ ಕತೆ ನಮ್ಮ ಮಕ್ಕಳಿಗೆಲ್ಲ ಗೊತ್ತು. ದಾವೀದನ ಕೀರ್ತನೆಗಳಲ್ಲಿಯೂ ಇದೇ ಅನುಭವವಿದೆ: ಕೂತರೂ ಎದ್ದರೂ, ಕಡಲಾಚೆಗೆ ಹಾರಿದರೂ, ದೇವರ ದೃಷ್ಟಿಯಿಂದ ತಪ್ಪಿಸಿಕೊಳ್ಳಲಾಗದು.

ಆದರೆ ಆ ನೋಟಕ್ಕೂ ಯಂತ್ರದ ನೋಟಕ್ಕೂ ಅಜಗಜಾಂತರ. ದೇವರು ನಮ್ಮನ್ನು ನೋಡುವುದು ನಮ್ಮ ಹಿತಕ್ಕಾಗಿ; ನೋಡಿದ್ದನ್ನು ಆತ ಯಾರಿಗೂ ಮಾರುವುದಿಲ್ಲ, ಹೆದರಿಸಲು ಬಳಸುವುದಿಲ್ಲ, ಪಶ್ಚಾತ್ತಾಪ ಪಟ್ಟವನ ಹಳೆಯ ಲೆಕ್ಕವನ್ನು ತೆಗೆದು ಮುಖಕ್ಕೆ ಹಿಡಿಯುವುದಿಲ್ಲ. ನಾವು ಮೊಬೈಲಿನಲ್ಲಿ ಏನನ್ನು ಹುಡುಕಿದೆವು, ಎಲ್ಲಿಗೆ ಹೋದೆವು, ಯಾವ ಕಾಯಿಲೆಗೆ ಔಷಧ ಕೇಳಿದೆವು ಎಂಬುದನ್ನು ಕೂಡಿಡುವ ಜಾಹೀರಾತಿನ ವ್ಯಾಪಾರಕ್ಕೆ ನಮ್ಮ ಹಿತ ಗುರಿಯಲ್ಲ. ನಾವೇ ಅಲ್ಲಿ ಸರಕು. 6ನೆಯ ಶತಮಾನದ ತತ್ವಜ್ಞಾನಿ ಬೊಯೆಥಿಯಸನು 'ವ್ಯಕ್ತಿ'ಯ ಲಕ್ಷಣವನ್ನು ವಿವೇಕದಲ್ಲಿ ಗುರುತಿಸಿದ. 13ನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಅದನ್ನು ಮುಂದುವರಿಸಿ, ವ್ಯಕ್ತಿಯು ತನ್ನ ಕ್ರಿಯೆಗಳಿಗೆ ತಾನೇ ಒಡೆಯನೆಂದು ತಿಳಿಸಿದರು. ತನ್ನ ಮೇಲೆ ತನಗೆ ಒಡೆತನವಿರುವವನು ಮಾತ್ರ ತನ್ನನ್ನು ಇನ್ನೊಬ್ಬರಿಗೆ ಪ್ರೀತಿಯಿಂದ ಕೊಡಬಲ್ಲ. ಗಂಡ ಹೆಂಡತಿಗೆ, ಗೆಳತಿ ಗೆಳತಿಗೆ, ಭಕ್ತ ದೇವರಿಗೆ ತನ್ನ ಒಳಮನಸ್ಸನ್ನು ತೆರೆಯುವುದು ಇಂಥ ಕೊಡುಗೆ. ಕೇಳದೆಯೇ ಕಿತ್ತುಕೊಂಡದ್ದು ಕೊಡುಗೆಯಾಗದು. ಖಾಸಗಿತನವೆಂಬುದು ಕಳ್ಳನ ಮರೆಯಲ್ಲ; ಅದು ಪ್ರೀತಿಗೂ ನಂಬಿಕೆಗೂ ಬೇಕಾದ ಅಂಗಳ.

ಮರೆ ಯಾರಿಗೆ, ಬಯಲು ಯಾರಿಗೆ?

ಹಾಗಾದರೆ ಗುಟ್ಟೆಲ್ಲವೂ ಒಳ್ಳೆಯದೇ? ಅಲ್ಲವೆಂಬುದನ್ನು ನಮ್ಮ ಮಾರುಕಟ್ಟೆಗಳೇ ಕಲಿಸಿವೆ. ಹಿಂದೆ ಅನೇಕ ಪೇಟೆಗಳಲ್ಲಿ ವರ್ತಕರು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುತ್ತಿದ್ದರು. ಮಾಲು ತಂದ ರೈತನಿಗೆ ಮಾತ್ರ ಏನೂ ತಿಳಿಯುತ್ತಿರಲಿಲ್ಲ. ಕಂಪ್ಯೂಟರ್ ಮೂಲಕ ನಡೆಯುವ ಇ-ಟೆಂಡರ್ ಆ ಮರೆಯನ್ನು ಸರಿಸಿತು. ಯಂತ್ರದಿಂದಾದ ಈ ಉಪಕಾರವನ್ನು ಮರೆಯುವುದು ಕೃತಘ್ನತೆ. ಆದರೂ 2024ರ ಮಾರ್ಚ್ 11ರಂದು ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ದರ ಹಠಾತ್ತನೆ ಕುಸಿದಾಗ ರೈತರ ಆಕ್ರೋಶ ಕಟ್ಟೆಯೊಡೆದು ಮಾರುಕಟ್ಟೆಯ ಕಚೇರಿ, ವಾಹನಗಳು ಬೆಂಕಿಗೆ ಆಹುತಿಯಾದವು. ಆ ಹಿಂಸೆಯನ್ನು ಯಾರೂ ಸಮರ್ಥಿಸಲಾಗದು. ದರ ಇಳಿದದ್ದು ಯಂತ್ರದಿಂದ ಎಂದೂ ಹೇಳಲಾಗದು. ಆದರೆ ವರ್ಷದ ಬೆವರಿಗೆ ಕಟ್ಟಿದ ಬೆಲೆ ಪರದೆಯ ಮೇಲೆ ಮೂಡಿದಾಗ, "ಇದು ಹೀಗೇಕೆ?" ಎಂಬ ಪ್ರಶ್ನೆಗೆ ಎದುರು ನಿಂತು ಉತ್ತರಿಸುವ ಮುಖವೂ ಬೇಕಲ್ಲವೇ? ಅಂಕಿ ಕಾಣಿಸಿದ ಮಾತ್ರಕ್ಕೆ ಕಾರಣವೂ ಕಾಣಿಸಿದಂತಾಗಲಿಲ್ಲ.

ಇಲ್ಲಿಯೇ ಒಂದು ನೀತಿಸೂತ್ರ ದೊರೆಯುತ್ತದೆ. ಅಧಿಕಾರ ಮತ್ತು ಹಣ ಉಳ್ಳವರು ಬಯಲಿನಲ್ಲಿರಬೇಕು. ದುರ್ಬಲನಿಗೆ ಮರೆ ಇರಬೇಕು. ಇಂದು ಇದು ತಲೆಕೆಳಗಾಗುತ್ತಿದೆ. ಎರಡು ಸಾವಿರ ರೂಪಾಯಿಯ ಗೃಹಲಕ್ಷ್ಮಿ ಹಣಕ್ಕಾಗಿ ಬಡ ತಾಯಿ ತನ್ನ ಖಾತೆ, ಕಾರ್ಡು, ಗಂಡನ ಸಂಖ್ಯೆ ಎಲ್ಲವನ್ನೂ ತೆರೆದಿಡುತ್ತಾಳೆ. ಆಕೆಯ ಹೆಸರು ಪಟ್ಟಿಯಿಂದ ಬಿಟ್ಟುಹೋದರೆ ಏಕೆಂದು ಹೇಳುವವರು ಮಾತ್ರ ಸಿಗುವುದಿಲ್ಲ. "ಸಿಸ್ಟಮ್ ತಗೊಳ್ಳಾಕತ್ತಿಲ್ಲ" ಎಂಬುದೇ ಅಂತಿಮ ತೀರ್ಪು.

ಈ ಪ್ರಶ್ನೆಯನ್ನು ದೇಶದ ಮುಂದಿಟ್ಟವರಲ್ಲಿ ಪ್ರಮುಖರು ನಮ್ಮ ನಾಡಿನವರೇ ಎಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಕುರಿತು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರದ ಸವಲತ್ತುಗಳಿಗೆ ಆಧಾರ್ ಬಳಕೆಯನ್ನು ಎತ್ತಿಹಿಡಿಯಿತಾದರೂ, ಬ್ಯಾಂಕ್ ಖಾತೆ ಮತ್ತು ಮೊಬೈಲ್ ಸಿಮ್‌ಗಳಿಗೆ ಅದನ್ನು ಕಡ್ಡಾಯಗೊಳಿಸುವುದನ್ನು ತಳ್ಳಿಹಾಕಿತು. ಪುಟ್ಟಸ್ವಾಮಿಯವರು 2024ರಲ್ಲಿ ನಿಧನರಾದರು; ಅವರ ಹೆಸರು ಆ ತೀರ್ಪಿನ ಹೆಸರಾಗಿ ಉಳಿದಿದೆ.

2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಬಂದಿತು. 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿ, ಹಂತಹಂತವಾಗಿ ಜಾರಿಗೊಳಿಸುವ ಕ್ರಮ ಗೊತ್ತಾಯಿತು. ಯಾವ ಉದ್ದೇಶಕ್ಕೆ ಮಾಹಿತಿ ಕೇಳುತ್ತಿದ್ದೇವೆಂಬುದನ್ನು ಸ್ಪಷ್ಟವಾಗಿ ತಿಳಿಸಬೇಕು, ಬಯಸಿದವರಿಗೆ ಕನ್ನಡದಂತಹ ಭಾಷೆಗಳಲ್ಲಿಯೇ ತಿಳಿಸಬೇಕು, ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ಅವಕಾಶವಿರಬೇಕು ಎಂಬುದು ಅದರ ಸಾರ. ಒಳ್ಳೆಯ ಮಾತುಗಳು. ಆದರೆ ಅದೇ ಕಾಯ್ದೆ ಸರ್ಕಾರಕ್ಕೆ ವಿಶಾಲವಾದ ವಿನಾಯಿತಿಗಳನ್ನು ಕೊಟ್ಟಿದೆ. ಮಾಹಿತಿ ಹಕ್ಕು ಕಾಯ್ದೆಯ ಒಂದು ವಿಧಿಯನ್ನೂ ತಿದ್ದಿದೆ. ಪ್ರಜೆಗೆಂದು ನೇಯ್ದ ಪರದೆ ಅಧಿಕಾರಿಗೂ ಮರೆಯಾದೀತೆಂಬ ಆಕ್ಷೇಪವನ್ನು ಕಡೆಗಣಿಸುವಂತಿಲ್ಲ.

ಧರ್ಮಸಭೆಯ ಅನುಭವ

ಧರ್ಮಸಭೆಗೆ ಈ ವಿಷಯ ಹೊಸದಲ್ಲ. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆಡಹುವ ಗುರುವಿಗೆ ಕಠಿಣ ಶಿಕ್ಷೆಯನ್ನು 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯೇ ವಿಧಿಸಿತು. 1983ರ ಧರ್ಮಸಭಾ ಕಾನೂನು ಸಂಹಿತೆಯ 983ನೆಯ ವಿಧಿ ಈ ಗುಟ್ಟನ್ನು ಅಭಂಗವೆನ್ನುತ್ತದೆ. 984ನೆಯ ವಿಧಿ ಮತ್ತೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಬಾಯಿ ಬಿಡದಿದ್ದರೂ, ಅಲ್ಲಿ ತಿಳಿದುದನ್ನು ಆ ವ್ಯಕ್ತಿಗೆ ತೊಂದರೆಯಾಗುವಂತೆ ಬಳಸುವುದನ್ನೇ ಅದು ನಿಷೇಧಿಸುತ್ತದೆ. ಒಂದು ಉದ್ದೇಶಕ್ಕೆ ನಂಬಿ ಒಪ್ಪಿಸಿದ್ದನ್ನು ಮತ್ತೊಂದಕ್ಕೆ ಬಳಸಕೂಡದೆಂದು ಇಂದಿನ ಕಾಯ್ದೆಗಳು ಹೇಳುವ ತತ್ವಕ್ಕೆ ಇದು ಎಷ್ಟು ಹತ್ತಿರ! ಜಗದ್ಗುರು ಪೋಪ್ ಫ್ರಾನ್ಸಿಸರು 2024ರ ಜನವರಿ 1ರ ವಿಶ್ವಶಾಂತಿ ದಿನದ ಸಂದೇಶವನ್ನು ಕೃತಕ ಬುದ್ಧಿಮತ್ತೆಗೇ ಮೀಸಲಿಟ್ಟು, ಮನುಷ್ಯನನ್ನು ದತ್ತಾಂಶದ ರಾಶಿಗೆ ಇಳಿಸಬಾರದೆಂದು ಎಚ್ಚರಿಸಿದರು. 2025ರ ಮೇ 8ರಂದು ಆಯ್ಕೆಯಾದ 14ನೆಯ ಲಿಯೋರವರು, ಯಂತ್ರಯುಗದ ಕಾರ್ಮಿಕರ ಪರವಾಗಿ 1891ರಲ್ಲಿ ವಿಶ್ವಪತ್ರ ಬರೆದ 13ನೆಯ ಲಿಯೋರವರನ್ನು ನೆನೆದೇ ಆ ಹೆಸರನ್ನು ತಳೆದುದಾಗಿ ಹೇಳಿ, ಕೃತಕ ಬುದ್ಧಿಮತ್ತೆಯನ್ನು ಇಂದಿನ ಹೊಸ ಕೈಗಾರಿಕಾ ಕ್ರಾಂತಿಗೆ ಸೇರಿಸಿದರು.

ಬೋಧನೆ ಆಚರಣೆಗೆ ಇಳಿಯಬೇಕು. ಓದುಗ ಬಂಧುಗಳು ಕೆಲವನ್ನು ಇಂದೇ ಮಾಡಬಹುದು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವಿದೆ. ಪಡಿತರದಂತಹ ಕೆಲಸಕ್ಕೆ ಬೇಕಾದಾಗ ಅದನ್ನು ತೆರೆದುಕೊಳ್ಳಬಹುದು. ಮನೆಯ ಹಿರಿಯರಿಗೆ ಓದಿದ ಮಕ್ಕಳು ಇದನ್ನು ಮಾಡಿಕೊಡಲಿ. ಝೆರಾಕ್ಸ್ ಪ್ರತಿ ಕೊಡುವಾಗ ಅದರ ಮೇಲೆ ಉದ್ದೇಶವನ್ನೂ ದಿನಾಂಕವನ್ನೂ ಬರೆಯಿರಿ. ಫೋನಿನಲ್ಲಿ "ಡಿಜಿಟಲ್ ಅರೆಸ್ಟ್" ಎಂದು ಬೆದರಿಸಿದರೆ ಹೆದರಬೇಡಿ, ಅಂಥ ಬಂಧನ ನಮ್ಮ ಕಾನೂನಿನಲ್ಲಿಲ್ಲ. ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ನಮ್ಮ ಧರ್ಮಕೇಂದ್ರಗಳೂ, ಶಾಲೆಗಳೂ, ಸಂಘಗಳೂ ತಮ್ಮ ಪುಸ್ತಕಗಳನ್ನು ತೆರೆದು ನೋಡಲಿ: ಯಾರ ಯಾವ ವಿವರ ನಮ್ಮಲ್ಲಿದೆ, ಅದು ನಿಜವಾಗಿ ಬೇಕೇ, ಅದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹರಿದಾಡುತ್ತಿದೆಯೇ? ನೆರವು ಪಡೆಯುವ ಬಡವನ ಭಾವಚಿತ್ರವನ್ನು ಹಂಚುವುದು ದಾನವನ್ನೇ ಕೆಡಿಸುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲೆಂದ ಪ್ರಭುವಿನ ಶಿಷ್ಯರಿಗೆ ಇದನ್ನು ಬೇರೆ ಹೇಳಬೇಕೇ?

ಪವಿತ್ರ ಗ್ರಂಥದಲ್ಲಿ ಎರಡು ಎಣಿಕೆಗಳಿವೆ. ಸಮುವೇಲನ ಎರಡನೆಯ ಗ್ರಂಥದಲ್ಲಿ ದಾವೀದರಸನು, ಸೇನಾಪತಿ ಯೋವಾಬನು ಬೇಡವೆಂದರೂ ಕೇಳದೆ, ತನ್ನ ಬಲವನ್ನು ಅರಿಯಲೆಂದು ಪ್ರಜೆಗಳನ್ನು ಎಣಿಸಿದ; ಆ ಎಣಿಕೆ ನಾಡಿಗೆ ಶಾಪವಾಯಿತು. ಶುಭಸಂದೇಶದಲ್ಲಿ ಕುರಿಗಾಹಿಯೊಬ್ಬನು ಎಣಿಸಿದ. ನೂರರಲ್ಲಿ ಒಂದು ಕಡಿಮೆಯಾದದ್ದನ್ನು ಕಂಡು ಆ ಒಂದನ್ನು ಹುಡುಕಿಕೊಂಡು ಹೊರಟ. ಕಂಬಳಿಗೆ ಹೆಸರಾದ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯ ಯಾವ ಕುರಿಗಾಹಿಗೂ ಈ ಎರಡನೆಯ ಎಣಿಕೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಎಣಿಸುವುದು ಪಾಪವಲ್ಲ, ಯಂತ್ರವೂ ಪಾಪವಲ್ಲ. ಪಟ್ಟಿಯಿಂದ ತಪ್ಪಿಹೋದ ಒಬ್ಬನನ್ನು ಹುಡುಕಲು ಎಣಿಸುತ್ತಿದ್ದೇವೆಯೇ, ಇಲ್ಲವೇ ಎಲ್ಲರನ್ನೂ ಕೈಯಳತೆಯಲ್ಲಿ ಇಟ್ಟುಕೊಳ್ಳಲೆಂದೇ? ಆಳುವವರೂ, ವ್ಯಾಪಾರಿಗಳೂ, ಗುರುಗಳೂ ಈ ಪ್ರಶ್ನೆಗೆ ಉತ್ತರ ಕೊಡಬೇಕಾಗಿದೆ. ಹೆಬ್ಬೆಟ್ಟು ಒತ್ತುವ ಮುನ್ನ "ಯಾತಕ್ರಿ?" ಎಂದು ಕೇಳುವ ಧೈರ್ಯವನ್ನು ದೇವರು ನಮ್ಮ ಜನರಿಗೆ ಕರುಣಿಸಲಿ, ಹಾಗೆ ಕೇಳಿದವರಿಗೆ ತಾಳ್ಮೆಯಿಂದ ಉತ್ತರಿಸುವ ಮನಸ್ಸನ್ನು ಯಂತ್ರದ ಆಚೆ ಕುಳಿತವರಿಗೂ ಕೊಡಲಿ.